ವ್ಯಾಯಾಮಶಬ್ದವೂ ವೃದ್ಧರ ದೌರ್ಬಲ್ಯವೂ

ವೃದ್ಧರಾದವರಿಗೆ ವ್ಯಾಯಾಮವು ಸಲ್ಲದೆಂಬ ಅಭಿಪ್ರಾಯವು ಹಲವರಲ್ಲಿ ರೂಢಮೂಲವಾಗಿದೆ. ಇದಕ್ಕೆ ವಾಗ್ಭಟನ ಪ್ರಮಾಣವನ್ನೂ ತೋರಿಸಬಹುದು. ಅಷ್ಟಾಂಗಹೃದಯದ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ ವಾತಪಿತ್ತರೋಗಿಗಳೂ ಬಾಲರೂ ವೃದ್ಧರೂ ಅಜೀರ್ಣವುಳ್ಳವರೂ ವ್ಯಾಯಾಮವನ್ನು ತ್ಯಜಿಸಬೇಕೆಂಬ ವಿಧಿಯಿರುವುದಷ್ಟೆ. ಈಚಿನ ವೈದ್ಯರಾದರೋ ಎಂಬತ್ತು ವಯಸ್ಸು ದಾಟಿದವರಿಗೂ ಮನೆಯಲ್ಲಿಯೇ ವ್ಯಾಯಾಮವನ್ನು ವಿಧಿಸುತ್ತಾರೆ. ಈ ಎರಡು ಮತಗಳಲ್ಲಿ ಒಂದು ತಪ್ಪಾಗಿರಬೇಕೆ, ಅಥವಾ ವ್ಯಾಯಾಮವೆಂಬ ಶಬ್ದದ ಅರ್ಥದಲ್ಲಿಯೇ ಭೇದವಿದೆಯೆ ಎಂಬುದು ವಿಚಾರಣೀಯ. ಇದು ಬರಿಯ ಶಬ್ದವಿಚಾರವಲ್ಲ. ಮನೆಯ ಹಿರಿಯರು ತಾವೇ ಎದ್ದು ನಡೆದಾಡುವರೋ, ಪರಾಧೀನರಾಗುವರೋ ಎಂಬುದು ಬಹುಮಟ್ಟಿಗೆ ಇದನ್ನು ಅವಲಂಬಿಸಿದೆ.

ಮೊದಲು ದೌರ್ಬಲ್ಯದ ಸ್ವರೂಪವನ್ನು ನೋಡಬೇಕು. ವಾರ್ಧಕ್ಯವು ಬೇರೆ, ರೋಗವು ಬೇರೆ, ಜರಾದೌರ್ಬಲ್ಯವು ಬೇರೆ. ಎಪ್ಪತ್ತೈದರಲ್ಲಿಯೂ ದೃಢಕಾಯರಾಗಿರುವವರುಂಟು, ಹೇಳಿಕೊಳ್ಳುವಂಥ ರೋಗವಿಲ್ಲದಿದ್ದರೂ ಸಣ್ಣದೊಂದು ಜ್ವರಕ್ಕೆ ಹಾಸಿಗೆ ಹಿಡಿದು ಮೊದಲಿನ ಸ್ಥಿತಿಗೆ ಮರಳಲಾರದವರೂ ಉಂಟು. ದೇಹದ ಶಕ್ತಿಸಂಚಯವು ಕ್ಷೀಣಿಸಿ ಅಲ್ಪಾಘಾತವನ್ನೂ ತಾಳಲಾರದ ಈ ಅವಸ್ಥೆಯನ್ನು ಜರಾದೌರ್ಬಲ್ಯವೆಂದು ಕರೆಯಬಹುದು. ೨೦೦೧ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಎಂಬ ವಿದುಷಿಯೂ ಆಕೆಯ ಸಹಚರರೂ ಇದಕ್ಕೆ ಐದು ಲಕ್ಷಣಗಳನ್ನು ಹೇಳಿದರು: ಬಯಸದೆಯೇ ತೂಕವಿಳಿಯುವುದು, ಬಳಲಿಕೆ, ಕೈಹಿಡಿತದ ಬಲಹಾನಿ, ನಡಿಗೆಯ ಮಾಂದ್ಯ, ಚಟುವಟಿಕೆಯ ಅಲ್ಪತೆ. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ದೌರ್ಬಲ್ಯವೆಂದೂ, ಒಂದೆರಡು ಮಾತ್ರ ಇದ್ದರೆ ಅದರ ಪೂರ್ವರೂಪವೆಂದೂ ಅವರ ನಿರ್ಣಯ. ಈ ಲಕ್ಷಣಗಳು ಒಂದನ್ನೊಂದು ಬೆಳೆಸುತ್ತವೆ. ಮಾಂಸಖಂಡವು ಕರಗಿದರೆ ನಡಿಗೆ ಮಂದವಾಗುತ್ತದೆ. ನಡೆಯಲಾರದವನು ಕುಳಿತೇ ಇರುತ್ತಾನೆ. ಕುಳಿತವನಿಗೆ ಹಸಿವು ಕುಂದುತ್ತದೆ. ಹಸಿವು ಕುಂದಿದರೆ ಮಾಂಸವು ಮತ್ತೂ ಕರಗುತ್ತದೆ. ಈ ಚಕ್ರವನ್ನು ಮುರಿಯುವುದಕ್ಕೆ ಮಾಂಸಖಂಡದ ಬಲವನ್ನು ಹೆಚ್ಚಿಸುವುದೇ ಮುಖ್ಯೋಪಾಯ.

ಮನೆಯಲ್ಲಿಯೇ ನಡೆಸಬಹುದಾದ ಕ್ರಮಗಳಲ್ಲಿ ನ್ಯೂಜಿಲೆಂಡ್ ದೇಶದ ಒಟಾಗೊ ಕ್ರಮವು ಪ್ರಸಿದ್ಧವಾದದ್ದು. ಇದರಲ್ಲಿ ಮೂರು ಅಂಗಗಳಿವೆ. ಕಣಕಾಲಿಗೆ ಸಣ್ಣ ಭಾರವನ್ನು ಕಟ್ಟಿಕೊಂಡು ಕಾಲನ್ನು ಎತ್ತಿ ಇಳಿಸುವುದು ಮೊದಲನೆಯದು. ಆಧಾರವನ್ನು ಹಿಡಿದು, ಅನಂತರ ಹಿಡಿಯದೆ, ಒಂಟಿಕಾಲಲ್ಲಿ ನಿಲ್ಲುವುದು, ಹಿಂದಕ್ಕೂ ಪಕ್ಕಕ್ಕೂ ನಡೆಯುವುದು, ಕುರ್ಚಿಯಿಂದ ಎದ್ದು ಕೂರುವುದು ಮೊದಲಾದ ಸಮತೋಲದ ಅಭ್ಯಾಸವು ಎರಡನೆಯದು. ನಡಿಗೆಯು ಮೂರನೆಯದು. ವಾರಕ್ಕೆ ಮೂರು ಸಲ ಸುಮಾರು ಅರ್ಧ ಗಂಟೆ ಅಭ್ಯಾಸ, ವಾರಕ್ಕೆರಡು ಸಲ ನಡಿಗೆ. ಶಿಕ್ಷಣ ಪಡೆದವರು ಮನೆಗೆ ಬಂದು ಕಲಿಸಿ, ಬಲವು ಹೆಚ್ಚಿದಂತೆ ಭಾರವನ್ನು ಹೆಚ್ಚಿಸುತ್ತಾರೆ. ಡನೀಡಿನ್ ನಗರದಲ್ಲಿ ತಮ್ಮ ಮನೆಗಳಲ್ಲಿ ವಾಸಿಸುತ್ತಿದ್ದ, ೮೦ ವಯಸ್ಸು ತುಂಬಿದ ೨೩೩ ಮಂದಿ ಸ್ತ್ರೀಯರನ್ನು ಎರಡು ಗುಂಪು ಮಾಡಿ ಒಂದು ವರ್ಷ ಪರೀಕ್ಷಿಸಿದ ಫಲವು ೧೯೯೭ರಲ್ಲಿ ಪ್ರಕಟವಾಯಿತು. ಅಭ್ಯಾಸ ಮಾಡದ ಗುಂಪಿನಲ್ಲಿ ೧೫೨ ಸಲ ಬೀಳುವಿಕೆ ಸಂಭವಿಸಿದರೆ ಅಭ್ಯಾಸ ಮಾಡಿದವರಲ್ಲಿ ಸಂಭವಿಸಿದ್ದು ೮೮ ಸಲ.

ಆದರೆ ಈ ಉಪಾಯಕ್ಕೂ ಒಂದು ಮೇರೆಯುಂಟು. ಅಮೆರಿಕದ ಥಾಮಸ್ ಗಿಲ್ ಮತ್ತು ಸಹಚರರು ಮನೆಯಲ್ಲಿಯೇ ಇದ್ದ, ೭೫ ವಯಸ್ಸು ತುಂಬಿದ ೧೮೮ ಮಂದಿ ದುರ್ಬಲರಲ್ಲಿ ಆರು ತಿಂಗಳ ಇಂಥದೇ ಕ್ರಮವನ್ನು ಪರೀಕ್ಷಿಸಿ ೨೦೦೨ರಲ್ಲಿ ಫಲವನ್ನು ತಿಳಿಸಿದರು. ನಡಿಗೆ ನಿಧಾನವಾಗಿದ್ದವರನ್ನು, ಅಥವಾ ಕೈಕಟ್ಟಿ ಕುರ್ಚಿಯಿಂದ ಏಳಲಾರದವರನ್ನು ಮಧ್ಯಮರೆಂದೂ, ಎರಡು ಕುಂದೂ ಇದ್ದವರನ್ನು ತೀವ್ರದುರ್ಬಲರೆಂದೂ ಅವರು ಎಣಿಸಿದ್ದರು. ಮಧ್ಯಮರು ದಿನಕೃತ್ಯಗಳಲ್ಲಿ ಪರಾಧೀನರಾಗುವುದು ತಗ್ಗಿತು. ತೀವ್ರದುರ್ಬಲರಿಗೆ ಪ್ರಯೋಜನವು ಕಾಣಲಿಲ್ಲ. ಆದುದರಿಂದ ಅಭ್ಯಾಸವನ್ನು ಸಕಾಲದಲ್ಲಿ, ಎಂದರೆ ಕುರ್ಚಿಯಿಂದೇಳುವಾಗ ಕೈಯೂರುವುದು ಅಗತ್ಯವಾದೊಡನೆಯೇ, ಆರಂಭಿಸತಕ್ಕದ್ದು.

ಇನ್ನು ಶಾಸ್ತ್ರದ ಮಾತು. ವಾಗ್ಭಟನು ವ್ಯಾಯಾಮವನ್ನು ವಿಧಿಸುವುದು ಬಲಶಾಲಿಗಳಿಗೆ, ಅದೂ ಸ್ನಿಗ್ಧಾಹಾರವನ್ನು ಸೇವಿಸುವವರಿಗೆ, ಶೀತಕಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಿಂದ. ಇಂಥ ಕಟ್ಟುಪಾಡುಗಳು ಬೇಕಾಗುವುದು ಶ್ರಮಭೂಯಿಷ್ಠವಾದ ವ್ಯಾಯಾಮಕ್ಕೇ ಹೊರತು ಪ್ರತಿಯೊಂದು ದೇಹಚಲನೆಗೂ ಅಲ್ಲ. ನಿಷೇಧವೂ ಆ ವ್ಯಾಯಾಮಕ್ಕೇ ಸಲ್ಲುತ್ತದೆಂದು ಗ್ರಹಿಸುವುದು ಉಚಿತ. ಸುಶ್ರುತನು ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರಗಳನ್ನು ನೋಡಿ ವ್ಯಾಯಾಮ ಮಾಡಬೇಕೆನ್ನುತ್ತಾನೆ. ದೇಹವನ್ನು ಅತಿಯಾಗಿ ಪೀಡಿಸದ ಚಂಕ್ರಮಣವು ಆಯುಸ್ಸನ್ನೂ ಬಲವನ್ನೂ ಕೊಡುವುದೆಂದು ಬೇರೆಯಾಗಿಯೇ ಹೊಗಳುತ್ತಾನೆ. ಚರಕನು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಕೊಡುವ ಲಕ್ಷಣವು ಇನ್ನೂ ವಿಶಾಲವಾದುದು. ಸ್ಥೈರ್ಯಕ್ಕೂ ಬಲವೃದ್ಧಿಗೂ ಸಾಧಕವಾದ ಶರೀರಚೇಷ್ಟೆಯೇ ವ್ಯಾಯಾಮ, ಅದನ್ನು ಮಾತ್ರೆಯರಿತು ಆಚರಿಸಬೇಕು ಎಂಬುದು ಅವನ ಅಭಿಪ್ರಾಯ. ಬಲ, ಸ್ಥೈರ್ಯ, ಮಾತ್ರೆ ಎಂಬ ಈ ಮೂರು ಶಬ್ದಗಳು ಒಟಾಗೊ ಕ್ರಮದ ಭಾರವೆತ್ತುವಿಕೆ, ಸಮತೋಲಾಭ್ಯಾಸ, ಕ್ರಮವೃದ್ಧಿಗಳಿಗೆ ಚೆನ್ನಾಗಿ ಹೊಂದುತ್ತವೆ. ಹಾಗೆಂದು ಇಂದಿನ ಕ್ರಮವನ್ನು ಪ್ರಾಚೀನರು ಬಲ್ಲವರಾಗಿದ್ದರೆನ್ನುವುದು ಅತ್ಯುಕ್ತಿ. ವೃದ್ಧರು ಕೇವಲ ನಡೆದರೆ ಸಾಲದು, ಬಲಕ್ಕೂ ಸಮತೋಲಕ್ಕೂ ಪ್ರತ್ಯೇಕಾಭ್ಯಾಸವು ಬೇಕೆಂಬುದು ಈಚಿನ ಪರೀಕ್ಷೆಗಳ ಫಲ. ವಿಶ್ವ ಆರೋಗ್ಯ ಸಂಸ್ಥೆಯೂ ೨೦೨೦ರಲ್ಲಿ ೬೫ ವಯಸ್ಸು ತುಂಬಿದವರಿಗೆ ವಾರಕ್ಕೆ ಮೂರು ದಿನವಾದರೂ ಇಂಥ ಅಭ್ಯಾಸವನ್ನು ವಿಧಿಸಿದೆ.

ಹಿರಿಯರನ್ನು ಏಳಗೊಡದೆ, ಕುಳಿತಲ್ಲಿಗೇ ನೀರನ್ನೂ ಅನ್ನವನ್ನೂ ತಂದಿಡುವುದು ಭಕ್ತಿಯ ಲಕ್ಷಣವೆಂದು ಎಣಿಸುವುದುಂಟು. ನಿಜವಾಗಿ ರುಗ್ಣರಾದವರಿಗೆ ಅದು ಸೇವೆಯೇ. ಉಳಿದವರಿಗಾದರೋ ಅವರಲ್ಲಿದ್ದ ಅಲ್ಪಬಲವನ್ನೂ ಅದು ಅಪಹರಿಸುತ್ತದೆ. ಎದೆನೋವು, ತಲೆಸುತ್ತು, ಮೂಳೆಮುರಿತಗಳುಳ್ಳವರು ವೈದ್ಯನನ್ನು ಕೇಳಿಯೇ ಆರಂಭಿಸಬೇಕು. ಉಳಿದವರಿಗೆ ಗಟ್ಟಿಯಾದ ಒಂದು ಕುರ್ಚಿ, ಹಿಡಿಯಲು ಒಂದು ಆಧಾರ, ಪಕ್ಕದಲ್ಲಿ ನಿಲ್ಲುವ ಒಬ್ಬ ಮಗ ಅಥವಾ ಸೊಸೆ ಇಷ್ಟಿದ್ದರೆ ಆರಂಭಕ್ಕೆ ಸಾಕು. ವೃದ್ಧರಿಗೆ ನಿಷಿದ್ಧವಾದುದು ಅತಿಶ್ರಮವೇ ಹೊರತು ಚಲನೆಯಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.