ಉಸಿರಿನ ಅಳತೆ

ಗುಬ್ಬಿಯಲ್ಲಿ 1884ರಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಧ್ವನಿವರ್ಧಕಗಳಿಲ್ಲದ ಆ ಕಾಲದಲ್ಲಿ ನಟರು ಕಡೆಯ ಸಾಲಿನಲ್ಲಿ ಕುಳಿತವನಿಗೂ ಕೇಳುವಂತೆ ಹಾಡಬೇಕಾಗಿತ್ತು. ಅದಕ್ಕೆ ಕಂಠದ ಇಂಪೊಂದೇ ಸಾಲದು. ಅದರ ಹಿಂದೆ ಉಸಿರಿನ ಬಲವೂ ಇರಬೇಕು. ಈ ಬಲವು ಹೇಗೆ ಬರುತ್ತದೆ, ಅದನ್ನು ಅಳೆಯುವ ಬಗೆ ಯಾವುದು ಎಂಬುದನ್ನು ಅರಿಯುವುದು ಗಾಯಕರಿಗೆ ಮಾತ್ರವಲ್ಲ, ಪ್ರತಿಯೊಂದು ಮನೆಯವರಿಗೂ ಹಿತಕರವಾದುದು.

ಶ್ವಾಸಕೋಶಗಳಿಗೆ ತಾವಾಗಿಯೇ ಹಿಗ್ಗುವ ಶಕ್ತಿಯಿಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಮಾಂಸದ ಪರದೆಯುಂಟು. ಅದು ಬಿಗಿದು ಕೆಳಗಿಳಿದಾಗ, ಪಕ್ಕೆಲುಬುಗಳು ಮೇಲೆದ್ದಾಗ, ಎದೆಯ ಗೂಡು ವಿಶಾಲವಾಗಿ ಹೊರಗಿನ ಗಾಳಿಯು ಒಳಕ್ಕೆ ನುಗ್ಗುತ್ತದೆ. ಕಮ್ಮಾರನ ತಿದಿಯ ಕೆಲಸವೂ ಇದೇ. ಬಿಗಿತವು ಸಡಿಲಿದೊಡನೆ ಉಸಿರು ಹೊರಬೀಳುತ್ತದೆ. ಒಳಹೋದ ಗಾಳಿಯು ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳನ್ನು ತಲುಪಿ, ಅಲ್ಲಿ ರಕ್ತಕ್ಕೆ ಆಮ್ಲಜನಕವನ್ನು ಕೊಟ್ಟು ಇಂಗಾಲಾಮ್ಲ ವಾಯುವನ್ನು ಪಡೆಯುತ್ತದೆ. ಒಳಗೆಳೆದ ಗಾಳಿಯಲ್ಲಿ ನೂರಕ್ಕೆ 21 ಪಾಲಿದ್ದ ಆಮ್ಲಜನಕವು ಹೊರಬರುವಾಗ ಸುಮಾರು 16 ಪಾಲಾಗಿರುತ್ತದೆ.

ಟಿಪ್ಪು ಸುಲ್ತಾನನ ಕಾಲದಿಂದಲೂ ಕುಣಿಗಲ್ಲು ಕುದುರೆಗಳಿಗೆ ಹೆಸರಾದ ಊರು. ನಾಗಾಲೋಟದಲ್ಲಿ ಓಡುವ ಕುದುರೆಯು ಹೆಜ್ಜೆಯ ಒಂದು ಸುತ್ತಿಗೆ ಒಂದು ಉಸಿರಿನಂತೆ, ಮೂಗಿನಿಂದಲೇ ಉಸಿರಾಡುತ್ತದೆ. ಮನುಷ್ಯನಿಗೆ ಇಂತಹ ಕಟ್ಟಿಲ್ಲ. ಅವನು ವಿಶ್ರಾಂತಿಯಲ್ಲಿ ಒಂದೊಂದು ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿಯನ್ನು ಮಾತ್ರ ಎಳೆದುಕೊಂಡರೂ, ಇಷ್ಟಪಟ್ಟಾಗ ಎದೆತುಂಬ ಉಸಿರೆಳೆದು, ತಡೆದು, ನೀಳವಾಗಿ ಬಿಡಬಲ್ಲನು. ಈ ಸ್ವಾಧೀನವೇ ಹಾಡಿಗೆ ಆಧಾರ. ಅಳತೆಗೂ ಅದೇ ಆಧಾರ.

1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ಎಂಬವರು ಸ್ಪೈರೋಮೀಟರೆಂಬ ಯಂತ್ರದ ವಿಚಾರವನ್ನು ಪ್ರಕಟಿಸಿದರು. ನೀರಿನಲ್ಲಿ ಬೋರಲಿಟ್ಟ ಪಾತ್ರೆಯು ಊದಿದ ಉಸಿರಿನಿಂದ ಎಷ್ಟು ಮೇಲೇರುವುದೋ ಅದೇ ಅಳತೆ. ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ, ದೇಹವು ಎತ್ತರವಾದಷ್ಟೂ ಈ ಅಳತೆ ಹೆಚ್ಚುವುದೆಂದು ಅವರು ಕಂಡುಕೊಂಡರು. ಈಗಿನ ಯಂತ್ರವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೂ ಆಗಿರಬಹುದು. ಎದೆತುಂಬ ಉಸಿರೆಳೆದು, ಬಲವಾಗಿ, ಬರಿದಾಗುವವರೆಗೆ ಊದಬೇಕು. ಒಟ್ಟು ಎಷ್ಟು ಗಾಳಿ ಬಂತು, ಮೊದಲ ಸೆಕೆಂಡಿನಲ್ಲಿ ಎಷ್ಟು ಬಂತು ಎಂಬ ಎರಡನ್ನೂ ಯಂತ್ರವು ತಿಳಿಸುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಮೊದಲ ಸೆಕೆಂಡಿನಲ್ಲಿಯೇ ಬರುತ್ತದೆ. ಉಬ್ಬಸ ಮೊದಲಾದವುಗಳಲ್ಲಿ ಗಾಳಿಯ ನಾಳಗಳು ಕಿರಿದಾಗಿದ್ದರೆ ಈ ಪಾಲು ತಗ್ಗುತ್ತದೆ.

ಇಂತಹ ಪರೀಕ್ಷೆಯ ಅಗತ್ಯವೇನೆಂದು ಕೇಳಬಹುದು. ಉಸಿರಿನ ಬಲವು ಕುಗ್ಗುವುದು ಬಹು ಮೆಲ್ಲಗೆ. ತುಮಕೂರಿನ ಬಳಿಯ ದೇವರಾಯನದುರ್ಗವನ್ನು ಹಿಂದೆ ನಿಲ್ಲದೆ ಹತ್ತುತ್ತಿದ್ದವರು ಈಗ ನಡುವೆ ಕುಳಿತು, ‘ವಯಸ್ಸಾಯಿತು’ ಎಂದು ಸಮಾಧಾನ ಪಡುವರು. ವಯಸ್ಸಿಗೆ ಸಹಜವಾದ ಇಳಿತ ಯಾವುದು, ರೋಗದ ಇಳಿತ ಯಾವುದು ಎಂಬುದನ್ನು ಮನಸ್ಸು ಹೇಳಲಾರದು. ಎತ್ತರ, ವಯಸ್ಸುಗಳೊಡನೆ ಹೋಲಿಸಿದ ಅಳತೆಯು ಹೇಳುವುದು. ಬೀಡಿ ಸಿಗರೇಟು ಸೇದುವವರಿಗೆ ಮಾತ್ರ ಈ ಭಯವೆಂದು ತಿಳಿಯಕೂಡದು. ಸೌದೆಯೊಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಅಡಿಗೆ ಮಾಡಿದ ತಾಯಂದಿರಿಗೂ ಇದೇ ಹಾನಿ ತಟ್ಟಬಹುದು. ಅಡಿಗೆಮನೆಗೆ ಹೊಗೆ ಹೋಗುವ ದಾರಿಯಿರಲಿ. ಬಿಡದ ಕೆಮ್ಮು, ಏದುಸಿರುಗಳಿದ್ದರೆ ಪರೀಕ್ಷೆಯಾಗಲಿ.

ಎಳೆಯ ಮಕ್ಕಳು ಯಂತ್ರಕ್ಕೆ ಊದಲಾರರು. ಅವರ ವಿಷಯದಲ್ಲಿ ಗಡಿಯಾರವೇ ಸಾಕು. ಕೆಮ್ಮು ಬಂದ ಮಗುವು ಅಳದೆ ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಎದೆಯ ಏರಿಳಿತವನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40, ಅಥವಾ ಅದಕ್ಕೂ ಹೆಚ್ಚಾದರೆ, ಇಲ್ಲವೆ ಉಸಿರೆಳೆಯುವಾಗ ಎದೆಯ ಕೆಳಭಾಗವು ಒಳಕ್ಕೆ ಕುಸಿದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.