ವಿದ್ಯಾವಿಭಾಗದ ಗಣಕಜಾಲದ ಜೀರ್ಣೋದ್ಧಾರ

ಗಣಕಯಂತ್ರಗಳನ್ನು ಒಂದರೊಡನೊಂದು ಹೆಣೆದು ಮಾಹಿತಿಯನ್ನು ಹಂಚಿಕೊಳ್ಳುವ ವ್ಯವಸ್ಥೆಗೆ ಗಣಕಜಾಲವೆಂದು ಹೆಸರು. ನಮ್ಮ ದೇಶದ ವಿದ್ಯಾಕ್ಷೇತ್ರದಲ್ಲಿ ಇದಕ್ಕೆ ನಾಂದಿಯಾದುದು 1986ರಲ್ಲಿ ಕೇಂದ್ರ ಸರಕಾರವು ವಿಶ್ವಸಂಸ್ಥೆಯ ನೆರವಿನಿಂದ ಆರಂಭಿಸಿದ ‘ಅರ್ನೆಟ್’ ಯೋಜನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಮೊದಲ ಪಾಲುದಾರರಲ್ಲಿ ಒಂದು. 1957ರಷ್ಟು ಹಿಂದೆಯೇ ತಾಂತ್ರಿಕ ವಿದ್ಯಾಲಯವನ್ನು ಕಂಡ ಮಣಿಪಾಲದಲ್ಲಿ ಇಂದು ಜಾಲವಿಲ್ಲದ ವಿಭಾಗವನ್ನು ಊಹಿಸಲೂ ಅಸಾಧ್ಯ. ಆದರೆ ಅಂಕಗಳನ್ನು ಕಳುಹಿಸಬೇಕಾದ ದಿನವೇ ಜಾಲವು ಸ್ತಬ್ಧವಾದರೆ ವಿದ್ಯಾರ್ಥಿಯ ಪಾಡೇನು?

ಹಿಂದಿನ ಪದ್ಧತಿಯಲ್ಲಿ ಒಂದೇ ತಂತಿಯು ಕೋಣೆಯಿಂದ ಕೋಣೆಗೆ ಸಾಗಿ, ಯಂತ್ರಗಳೆಲ್ಲವನ್ನೂ ಹೂಮಾಲೆಯ ದಾರದಂತೆ ಪೋಣಿಸುತ್ತಿತ್ತು. ಅದರ ತೆಳುವಾದ ಬಗೆಯಲ್ಲಿ ಒಂದು ತುಂಡು 185 ಮೀಟರನ್ನೂ, ಅದಕ್ಕೆ ಸೇರಿದ ಯಂತ್ರಗಳು 30ನ್ನೂ ಮೀರಕೂಡದು. ಎರಡು ತುದಿಗಳಲ್ಲಿಯೂ 50 ಓಮ್ ನಿರೋಧಕವಿರಬೇಕು. ಇಲ್ಲವಾದರೆ ಸಂಕೇತವು ತುದಿಗೆ ಬಡಿದು, ಬಾವಿಯೊಳಗಿನ ಕೂಗಿನಂತೆ ಮರಳಿ ಬಂದು, ಹಿಂದೆ ಬರುವ ಸಂಕೇತವನ್ನು ಕೆಡಿಸುವುದು. ಕಸ ಗುಡಿಸುವಾಗ ಒಂದು ಕೀಲು ಕಳಚಿದರೂ ಸಾಕು, ಇಡೀ ವಿಭಾಗವೇ ಮೂಕ! 1990ರಲ್ಲಿ ಪ್ರಮಾಣಿತವಾದ, ಹೊಸೆದ ಜೋಡಿತಂತಿಯ ಕ್ರಮದಲ್ಲಿ ಯಂತ್ರಯಂತ್ರಕ್ಕೂ ಬೇರೆ ತಂತಿ; ಎಲ್ಲವೂ ನಡುವಣ ಪೆಟ್ಟಿಗೆಯಲ್ಲಿ ಕೂಡುತ್ತವೆ. ಒಂದು ತಂತಿ ಕೆಟ್ಟರೆ ಒಂದು ಯಂತ್ರಕ್ಕಷ್ಟೇ ತೊಂದರೆ. ಆದರೂ ಯಾರೋ ಅರಿಯದೆ ಒಂದೇ ತಂತಿಯ ಎರಡೂ ತುದಿಗಳನ್ನು ಪೆಟ್ಟಿಗೆಗೇ ಚುಚ್ಚಿದರೆ, ಎಲ್ಲರಿಗೂ ಎಂದು ಹೊರಟ ಸಂದೇಶವು ಕೊನೆಯಿಲ್ಲದೆ ಸುತ್ತಿ ಜಾಲವನ್ನೇ ಮುಳುಗಿಸುವುದು. ಇದಕ್ಕೆ 1985ರಲ್ಲಿ ಪರಿಹಾರವನ್ನು ರೂಪಿಸಿದವರು ಅಮೆರಿಕದ ರಾಡಿಯಾ ಪರ್ಲ್‌ಮನ್ ಎಂಬ ವಿದುಷಿ. ಪೆಟ್ಟಿಗೆಗಳೇ ತಮ್ಮೊಳಗೆ ವಿಚಾರಿಸಿಕೊಂಡು ಹೆಚ್ಚಿನ ದಾರಿಯನ್ನು ಮುಚ್ಚುತ್ತವೆ. ಪೆಟ್ಟಿಗೆಯನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ ಈ ಗುಣವುಂಟೋ ಎಂದು ಕೇಳುವುದು ವಿಹಿತ.

ಕರಾವಳಿಯ ಶತ್ರುಗಳು ಬೇರೆ. ಕಾಪುವಿನ ಕಡಲತಡಿಯ ಉಪ್ಪುಗಾಳಿಯು ಲೋಹದ ಕೂಡುಗಳಿಗೆ ಕಿಲುಬು ಹಿಡಿಸುತ್ತದೆ. ಕಾರ್ಕಳದ ಕಡೆ ಮಳೆಗಾಲದ ಮೊದಲಿಗೂ ಕೊನೆಗೂ ಸಿಡಿಲಿನ ಆರ್ಭಟ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿಯನ್ನೆಳೆದರೆ ಸಿಡಿಲಿಗೆ ನಾವೇ ದಾರಿ ತೋರಿದಂತೆ. ಯಂತ್ರದೊಡನೆ ವರ್ಷಗಳ ಸಂಶೋಧನೆಯ ಸಾಮಗ್ರಿಯೂ ಸುಟ್ಟುಹೋಗಬಹುದು. ಅಲ್ಲಿ ಬೆಳಕನ್ನು ಒಯ್ಯುವ ಗಾಜಿನ ಎಳೆಯೇ ಲೇಸು. ಗಾಜಿನಲ್ಲಿ ವಿದ್ಯುತ್ತು ಹರಿಯದು.

ಜೀರ್ಣೋದ್ಧಾರಕ್ಕೆ ಹೊರಟವರು ಮೊದಲು ಅಂಗಡಿಗೆ ಓಡುವುದುಂಟು. ಇದು ಸಲ್ಲದು. ಅಂಕಪಟ್ಟಿ, ಪ್ರಬಂಧಗಳ ಪ್ರತಿಗಳನ್ನು ಮೊದಲು ಬೇರೆಡೆ ತೆಗೆದಿರಿಸಬೇಕು. ಬಳಿಕ ತಂತಿ ತಂತಿಯನ್ನೂ ಅನುಸರಿಸಿ ನಡೆದು ನಕ್ಷೆಯನ್ನು ಬರೆದು, ಎರಡು ತುದಿಗಳಿಗೂ ಒಂದೇ ಸಂಖ್ಯೆಯ ಚೀಟಿಯನ್ನು ಅಂಟಿಸಬೇಕು. ಎಷ್ಟೋ ವೇಳೆ ರೋಗದ ಮೂಲವು ಈ ನಡಿಗೆಯಲ್ಲಿಯೇ ಸಿಕ್ಕಿಬಿಡುವುದು. ಬೇಸಗೆಯ ರಜೆಯಲ್ಲಿ ಒಂದೊಂದೇ ಕೋಣೆಯನ್ನು ಹೊಸ ತಂತಿಗೆ ಬದಲಿಸಿ, ಅದು ಸರಿಯಾಗಿ ನಡೆದುದನ್ನು ಕೆಲವು ದಿನ ಕಂಡಮೇಲೆಯೇ ಹಳೆಯದನ್ನು ಕೀಳತಕ್ಕದ್ದು. ನಕ್ಷೆಯ ಒಂದು ಪ್ರತಿಯು ನಡುಪೆಟ್ಟಿಗೆಯ ಬಳಿಯ ಗೋಡೆಯ ಮೇಲಿರಲಿ.