ಹಾಸನದ ಬಂಡೆಯಲ್ಲಿ ಕಡಲ ಚೇಳು ಏಕಿಲ್ಲ?

ಹೊಳೆನರಸೀಪುರದ ಅಭ್ಯಾಸ ಬೋಧನೆಯಲ್ಲಿ ಸಂಧಿಪದಿಗಳ ಪಾಠಕ್ಕೆಂದು ಯೂರಿಪ್ಟೆರಸ್‌ನ ಚಿತ್ರ ತೋರಿಸಿದಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ನಮ್ಮೂರ ಬಂಡೇಲೂ ಇದು ಸಿಗುತ್ತಾ ಮಿಸ್?’ ಸಿಗುವುದಿಲ್ಲ ಎಂದಷ್ಟೇ ಹೇಳಿ ಮುಂದಿನ ಹಂತಕ್ಕೆ ಹೋಗಬಹುದು. ಆದರೆ ಏಕೆ ಸಿಗುವುದಿಲ್ಲ ಎಂಬುದೇ ಒಂದು ಅವಧಿಗೆ ಸಾಲುವ ಪಾಠ.

ಯೂರಿಪ್ಟೆರಸ್ ಸುಮಾರು 43 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನಲ್ಲಿದ್ದ ಜೀವಿ. ಹೆಚ್ಚಿನವು ಒಂದು ಗೇಣಿನ ಆಸುಪಾಸು. ಕೊನೆಯ ಜೋಡಿ ಕಾಲು ಹುಟ್ಟಿನಂತೆ ಅಗಲ, ಬಾಲದ ತುದಿ ಮೊನಚು. ಹೆಸರಿನಲ್ಲಿ ಚೇಳು ಇದ್ದರೂ ಇದು ನಿಜವಾದ ಚೇಳಲ್ಲ. ಚೇಳು, ಜೇಡಗಳ ಬಳಗಕ್ಕೆ ಸೇರಿದ್ದು. ನ್ಯೂಯಾರ್ಕ್ ರಾಜ್ಯದಲ್ಲಿ ಸಿಕ್ಕ ಇದರ ಪಳೆಯುಳಿಕೆಯನ್ನು 1818ರಲ್ಲಿ ಸ್ಯಾಮ್ಯುಯೆಲ್ ಮಿಚಿಲ್ ಮೀಸೆಯುಳ್ಳ ಮೀನೆಂದೇ ತಿಳಿದಿದ್ದರು. ಅದು ಸಂಧಿಪದಿ ಎಂದು 1825ರಲ್ಲಿ ಗುರುತಿಸಿ ಹೆಸರಿಟ್ಟವರು ಡಿ ಕೇ. ಈ ಕಥೆ ಹೇಳಿದರೆ ತರಗತಿ ಕಿವಿಗೊಡುತ್ತದೆ.

ಇನ್ನು ನಮ್ಮ ಕಲ್ಲು. ಗೊರೂರು, ಹಾಸನದ ಸುತ್ತಲಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ‘ಇಲ್ಲಿ ಕಣಶಿಲೆಯೇ ಇರಲಿಲ್ಲ, ಅದಕ್ಕೇ ಪಳೆಯುಳಿಕೆ ಇಲ್ಲ’ ಎಂಬ ಸುಲಭದ ಉತ್ತರ ಬೇಡ. ಹೊಳೆನರಸೀಪುರದ ಶಿಸ್ಟ್ ಪಟ್ಟಿಯಲ್ಲಿ ಒಂದು ಕಾಲಕ್ಕೆ ಮರಳು, ಕೆಸರು ಆಗಿದ್ದ ಕಲ್ಲುಗಳೂ ಇವೆ. ಅವು ಆಮೇಲೆ ಕಾದು, ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡವು. ಅದಕ್ಕಿಂತ ಮುಖ್ಯವಾಗಿ, ಆ ಕೆಸರು ಬಿದ್ದಾಗ ಭೂಮಿಯ ಮೇಲೆ ಪ್ರಾಣಿಗಳೇ ಹುಟ್ಟಿರಲಿಲ್ಲ. ಕಡಲ ಚೇಳಿನ ಕಾಲದ ಕೆಸರಿನ ಪದರವಾದರೋ ನಮ್ಮ ಜಿಲ್ಲೆಯಲ್ಲಿಲ್ಲ.

ಕೋಟಿಗಳ ಲೆಕ್ಕ ಬಾಯಲ್ಲಿ ಹೇಳಿದರೆ ತಲೆಗೆ ಹೋಗದು. ಆಟದ ಮೈದಾನದಲ್ಲಿ 33 ಮೀಟರ್ ಹಗ್ಗ ಎಳೆಯಿರಿ. ಒಂದು ಮೀಟರಿಗೆ ಹತ್ತು ಕೋಟಿ ವರ್ಷ. ಒಂದು ತುದಿಯಲ್ಲಿ ಗೊರೂರಿನ ಕಲ್ಲು, ಇನ್ನೊಂದು ತುದಿಯಲ್ಲಿ ಇಂದು. ಯೂರಿಪ್ಟೆರಸ್ ನಿಲ್ಲುವುದು ಇಂದಿನಿಂದ 4.3 ಮೀಟರ್ ದೂರದಲ್ಲಿ. ಮನುಷ್ಯನಿಗೆ ಸಿಗುವ ಜಾಗ ಮೂರು ಮಿಲಿಮೀಟರ್. ಚನ್ನರಾಯಪಟ್ಟಣದ ಮಕ್ಕಳಿಗೆ ಶ್ರವಣಬೆಳಗೊಳದ ಗೊಮ್ಮಟನನ್ನು ಗುರುತಿಸಲು ಹೇಳಿ: 981ರಲ್ಲಿ ಕಡೆದ ಮೂರ್ತಿಗೆ ಹಗ್ಗದಲ್ಲಿ ಸಿಗುವುದು ಮಿಲಿಮೀಟರಿನ ನೂರನೇ ಒಂದು ಭಾಗ, ಸೀಮೆಸುಣ್ಣದ ಗೆರೆಗಿಂತ ಸಣ್ಣದು!

ಕೈಗೆ ಕೊಡಲು ಪಳೆಯುಳಿಕೆ ಬೇಕೆಂದಿಲ್ಲ. ಅರಕಲಗೂಡಿನ ಕಡೆ ಗದ್ದೆ ಬದುವಿನಲ್ಲಿ ಏಡಿ ಕಳಚಿಟ್ಟ ಚಿಪ್ಪು ಸಿಕ್ಕರೆ ತರಲು ಹೇಳಿ. ಯೂರಿಪ್ಟೆರಸ್‌ನ ಎಷ್ಟೋ ಪಳೆಯುಳಿಕೆಗಳು ಸತ್ತ ದೇಹಗಳಲ್ಲ, ಹೀಗೆ ಕಳಚಿದ ಹೊರಕವಚಗಳು. ಏಡಿಗೆ ಮೀಸೆಯಂಥ ಸ್ಪರ್ಶಾಂಗಗಳಿವೆ, ಕಡಲ ಚೇಳಿಗೆ ಇರಲಿಲ್ಲ. ಆ ವ್ಯತ್ಯಾಸವನ್ನು ಚಿತ್ರ ನೋಡಿ ಮಕ್ಕಳೇ ಹುಡುಕಲಿ.